ಇಪ್ಪತ್ತೆರಡು ಹುಕ್ಕುಗಳ ಕೆಂಪು ಗೌನು

ಅರೆಬರೆ ಹೊಲಿಗೆ ಕಂಡರೆ ಮಿಸ್ರಿಯಾಳ ಕೈ ಸುಮ್ಮನಿರುತ್ತಿರಲಿಲ್ಲ. ಉಳ್ಳಾಲದಿಂದ ಬಂದು, ಸೌದಿಯ ಜಿದ್ದಾದ ಅಜೀಜಿಯಾದಲ್ಲಿ ಹನ್ನೊಂದು ವರ್ಷದಿಂದ ಮನೆಯಲ್ಲೇ ಕುಳಿತು ಹೆಂಗಸರ ಕರಿ ನಿಲುವಂಗಿ, ಅಬಾಯ, ಹೊಲಿಯುತ್ತಿದ್ದವಳು. ಗಿರಾಕಿಗಳು ತೋಳು ಗಿಡ್ಡ ಮಾಡಲು ಕೊಟ್ಟರೆ, ಕಂಕುಳಲ್ಲಿ ಬಿಟ್ಟಿದ್ದ ಹೊಲಿಗೆಯನ್ನೂ ಹಾಕಿ, ಹಾಕಿದ್ದೇನೆಂದು ಹೇಳದೆ ಕಳಿಸುತ್ತಿದ್ದಳು. ಆ ಒಳ್ಳೆಯ ಅಭ್ಯಾಸವೇ ಈ ಸಲ ಅವಳನ್ನು ಸಿಕ್ಕಿಸಿತು.

ನಾಟಕದ ಕಂಪೆನಿಯಲ್ಲಿ ಕೆಲಸಕ್ಕಿದ್ದ ಮೈಸೂರಿನ ರತ್ನಪ್ರಭಾ ಒಂದು ಕೆಂಪು ಮಿಂಚಿನ ಗೌನು ತಂದುಕೊಟ್ಟಿದ್ದಳು. ಅದು ಡೋರೀನ್ ಹ್ಯಾಸ್ಲಮ್ ಎಂಬ ಇಂಗ್ಲೆಂಡಿನ ನಟಿಯದು. ಅರವತ್ತಮೂರರ ಆ ಹೆಂಗಸು ತನ್ನ ಬದುಕನ್ನೇ ನಾಟಕ ಮಾಡಿಕೊಂಡು, ಒಬ್ಬಳೇ ಅಭಿನಯಿಸಲು ಜಿದ್ದಾಕ್ಕೆ ಬಂದಿದ್ದಳು. ಗೌನಿನ ಕೆಳಗಿನ ಅಂಚು ಬಿಟ್ಟಿತ್ತು. ಅಷ್ಟು ಹೊಲಿದರೆ ಸಾಕಿತ್ತು.

ಆದರೆ ಮಿಸ್ರಿಯಾ ಅದನ್ನು ತಿರುಗಿಸಿ ನೋಡಿದಳು. ಬೆನ್ನು ಕುತ್ತಿಗೆಯಿಂದ ಸೊಂಟದವರೆಗೆ ಸೀಳಿತ್ತು. ಚಪ್ಪಲಿಗೆ ಹಾಕುವಂಥ ಅಂಟುಪಟ್ಟಿಯೊಂದು ಎರಡು ಬದಿಯನ್ನು ಹೇಗೋ ಹಿಡಿದಿತ್ತು. ಎಳೆದರೆ ಚರ್‍ರೆಂದು ಬಾಯಿ ಬಿಡುತ್ತಿತ್ತು. ಪಾಪ, ಅಷ್ಟು ದೊಡ್ಡ ನಟಿಗೆ ಇಂಥ ಮೋಸದ ಹೊಲಿಗೆಯೇ! ಮಿಸ್ರಿಯಾ ಪಟ್ಟಿಯನ್ನು ಕಿತ್ತು ಎಸೆದಳು. ಹೆಚ್ಚಿನ ಬಟ್ಟೆ ಕತ್ತರಿಸಿ, ಮೈಗೆ ಒಪ್ಪುವಂತೆ ಇಪ್ಪತ್ತೆರಡು ಹುಕ್ಕುಗಳನ್ನು ಒಂದೇ ಅಳತೆಗೆ ಕೂರಿಸಿದಳು. ಮದುಮಗಳ ರವಕೆಗೂ ಅವಳು ಅಷ್ಟು ಚಂದ ಮಾಡಿರಲಿಲ್ಲ.

ಪ್ರದರ್ಶನದ ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ಗೌನು ಹಿಡಿದು ಅವಳೇ ರಂಗಮಂದಿರಕ್ಕೆ ಹೋದಳು. ಬಣ್ಣದ ಕೋಣೆಯಲ್ಲಿ ರತ್ನಪ್ರಭಾ ಗೌನನ್ನು ಎತ್ತಿ ತಿರುಗಿಸಿ, ಬೆನ್ನಿನಲ್ಲಿ ಪಟ್ಟಿಯನ್ನು ಹುಡುಕಿದಳು.

"ಏನಮ್ಮ ಮಾಡ್ಬಿಟ್ಟೆ ನೀನು! ನಾಟಕದ ಮಧ್ಯೆ ದೀಪ ಆರುತ್ತೆ. ಇಪ್ಪತ್ತು ಎಣಿಸೋದ್ರೊಳಗೆ ಇವ್ರು ಹಳೇ ಫ್ರಾಕ್ ಕಳಚಿ ಇದನ್ನ ತೊಟ್ಟು ನಿಂತಿರಬೇಕು. ಅದಕ್ಕೇ ಆ ಪಟ್ಟಿ ಇದ್ದದ್ದು!"

ಮಿಸ್ರಿಯಾ ಗೌನನ್ನು ಕೈಗೆ ತೆಗೆದುಕೊಂಡಳು. "ಅಲ್ಲ ಅಕ್ಕಾ, ನನಗೆ ಎಂತ ಗೊತ್ತು? ಯಾರೋ ಅರ್ಧಕ್ಕೆ ಬಿಟ್ಟದ್ದು ಅಂತ ಎಣಿಸಿದೆ."

"ಪಟ್ಟಿ ಮತ್ತೆ ಹಾಕೋಕಾಗತ್ತಾ?"

"ಬಟ್ಟೆ ಕತ್ತರಿಸಿ ಆಯ್ತಲ್ಲ. ಈಗ ಒಂದರ ಮೇಲೊಂದು ಬರುವುದಿಲ್ಲ."

ಡೋರೀನ್ ಕನ್ನಡಿಯ ಮುಂದಿನಿಂದ ಎದ್ದು ಬಂದಳು. ಹುಕ್ಕುಗಳ ಮೇಲೆ ಬೆರಳಾಡಿಸಿ, "ಇಷ್ಟು ಒಳ್ಳೆಯ ಕೆಲಸ ನನ್ನ ಮೈಮೇಲೆ ಯಾವತ್ತೂ ಬಿದ್ದಿಲ್ಲ" ಎಂದಳು. ಆಮೇಲೆ ಮೆಲ್ಲಗೆ ತನ್ನ ಕಥೆಯನ್ನೂ ಹೇಳಿದಳು. ರತ್ನಪ್ರಭಾ ಕನ್ನಡ ಮಾಡುತ್ತಾ ಹೋದಳು.

ಹತ್ತೊಂಬತ್ತರ ವಯಸ್ಸಿನಲ್ಲಿ ಡೋರೀನ್ ಕಡಲ ತೀರದ ರಂಗಮಂದಿರವೊಂದರಲ್ಲಿ ಹಾಡಿ ಕುಣಿಯುತ್ತಿದ್ದಳು. ಕೆಂಪು ಗೌನು ಆ ಕಾಲದ್ದರ ನಕಲು. ಆಮೇಲೆ ಟಿವಿ ಧಾರಾವಾಹಿ ಸಿಕ್ಕಿತು. ಬಸ್ ಡಿಪೋದ ಕ್ಯಾಂಟೀನಿನಲ್ಲಿ ಚಹಾ ಕೊಡುವ ಮೇಬಲ್‌ಳ ಪಾತ್ರ. ಇಪ್ಪತ್ತನಾಲ್ಕು ವರ್ಷ ಅದನ್ನೇ ಮಾಡಿದಳು. ಜನ ಅವಳ ಸ್ವಂತ ಹೆಸರನ್ನೇ ಮರೆತರು. ಕೊನೆಗೊಂದು ದಿನ ಕಥೆ ಬರೆಯುವವರು ಮೇಬಲ್‌ಳನ್ನು ಅದೇ ಡಿಪೋದ ಬಸ್ಸಿನಡಿ ಹಾಕಿದರು. ಅಂಗಡಿಯಲ್ಲಿ ಹೆಂಗಸರು ಇವಳನ್ನೇ ಹಿಡಿದು, ಮೇಬಲ್ ಸತ್ತಳಲ್ಲ ಎಂದು ಅತ್ತರು. ಕೆಲಸಕ್ಕೆ ಕರೆಯುವ ಫೋನು ಮಾತ್ರ ನಾಲ್ಕು ವರ್ಷ ಬರಲಿಲ್ಲ.

"ಇವತ್ತು ಮೂರನೇ ಸಾಲಲ್ಲಿ ಲಂಡನ್ನಿನ ನಿರ್ಮಾಪಕ ಕೂತಿರ್ತಾನೆ," ಎಂದಳು ರತ್ನಪ್ರಭಾ. "ಮೆಚ್ಚಿದ್ರೆ ಅಲ್ಲಿ ಊರೂರಿಗೆ ಈ ನಾಟಕ ಹೋಗತ್ತೆ. ಇಲ್ದಿದ್ರೆ ಇವ್ರು ವಾಪಸ್ ಮನೇಲಿ."

ಮಿಸ್ರಿಯಾಳಿಗೆ ಅಳು ಬಂತು. ಆದರೆ ಅತ್ತರೆ ಹೊಲಿಗೆ ಬಿಚ್ಚುವುದಿಲ್ಲವಲ್ಲ. ಮೂಗೊರೆಸಿಕೊಂಡು ಮೇಬಲ್‌ಳ ನೀಲಿ ಫ್ರಾಕನ್ನು ಎತ್ತಿಕೊಂಡಳು. ಅಗಲ ಮೈಯ, ಉದ್ದ ತೋಳಿನ ಬಟ್ಟೆ. ಅದನ್ನು ನೋಡುತ್ತಿದ್ದ ಹಾಗೆ ತಲೆ ಓಡಿತು.

"ಅಕ್ಕಾ, ಗೌನನ್ನು ಕಡೆಗೆ ಯಾಕೆ ತೊಡುವುದು? ಮೊದಲೇ ಒಳಗೆ ತೊಡಲಿ. ಇದನ್ನು ನಾನು ಅಬಾಯದ ಹಾಗೆ ಮುಂದೆ ಸೀಳಿ ಪ್ರೆಸ್ ಬಟನ್ ಹಾಕ್ತೇನೆ. ಎಳೆದರೆ ಆಯ್ತು."

"ಒಳಗೊಂದು ಗೌನಿದ್ರೆ ದಪ್ಪ ಕಾಣಲ್ವಾ?"

ರತ್ನಪ್ರಭಾ ಇದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ಡೋರೀನ್ ಚಪ್ಪಾಳೆ ತಟ್ಟಿದಳು. "ಮೇಬಲ್ ದಪ್ಪಗೇ ಇದ್ದಳು! ಇಪ್ಪತ್ತನಾಲ್ಕು ವರ್ಷ ಹೊಟ್ಟೆಗೆ ದಿಂಬು ಕಟ್ಟಿಸಿದ್ದರು ನನಗೆ!"

ಎರಡು ಗಂಟೆ ಮಿಸ್ರಿಯಾ ತಲೆ ಎತ್ತಲಿಲ್ಲ. ಗಂಡ ಶಹೀರ್ ಮನೆಯಿಂದ ಬಟನ್ ಡಬ್ಬಿ ತಂದುಕೊಟ್ಟು, "ಎಂತ ಮಾರಾಯ್ತಿ, ನಟಿಗೂ ಅಬಾಯ ತೊಡಿಸಿದೆಯಾ?" ಎಂದು ನಕ್ಕು ಬೈಸಿಕೊಂಡು ಹೋದ. ಫ್ರಾಕಿನಡಿ ಕಾಣದಂತೆ ಗೌನಿನ ಉದ್ದವನ್ನು ಮೇಲೆತ್ತಿ ಸೊಂಟಕ್ಕೊಂದು ದಾರದಲ್ಲಿ ಕಟ್ಟಿದಳು. ತುದಿ ಎಳೆದರೆ ಬಿಚ್ಚಿ ಕೆಳಗಿಳಿಯಬೇಕು. ಗೌನು ತೊಡಿಸಿ ಇಪ್ಪತ್ತೆರಡು ಹುಕ್ಕುಗಳನ್ನು ಹಾಕಲು ಅವಳಿಗೆ ಸರಿಯಾಗಿ ಐದು ನಿಮಿಷ ಹಿಡಿಯಿತು.

ನಾಟಕ ಸುರುವಾಯಿತು. ಮಿಸ್ರಿಯಾ ಪರದೆಯ ಮರೆಯಲ್ಲಿ, ದೀಪ ಆರಿದ ಕೂಡಲೇ ಓಡಿ ಬಟ್ಟೆ ಎಳೆಯಲು ತಯಾರಾಗಿ ನಿಂತಳು. ಮೇಬಲ್ ಚಹಾ ಸುರಿದಳು, ಡ್ರೈವರುಗಳನ್ನು ಬೈದಳು, ಬಸ್ಸಿನ ಹಾರ್ನು ಕೇಳಿ ತಿರುಗಿ ನೋಡಿದಳು; ಮೇಬಲ್‌ಳ ಕಥೆ ಅಲ್ಲಿಗೆ ಮುಗಿಯಿತು. ಈಗ ಕತ್ತಲಾಗಬೇಕು. ಆದರೆ ಡೋರೀನ್ ದೀಪದವನತ್ತ ಕೈ ಎತ್ತಿ ಬೇಡವೆಂದಳು.

"ಅಲ್ಲಾಹ್, ಇವರಿಗೆ ಮರೆತುಹೋಯ್ತಾ?" ಎಂದು ಮಿಸ್ರಿಯಾ ರತ್ನಪ್ರಭಾಳ ಕೈ ಹಿಸುಕಿದಳು.

ತುಂಬಿದ ಬೆಳಕಿನಲ್ಲೇ ಡೋರೀನ್ ಎರಡು ಕೈಯಿಂದ ಫ್ರಾಕಿನ ಎದೆ ಹಿಡಿದು ಎಳೆದಳು. ಪಟಪಟಪಟ! ನೀಲಿ ಬಟ್ಟೆ ಹಿಂದಕ್ಕೆ ಬಿತ್ತು. ದಾರ ಎಳೆದಳು, ಕೆಂಪು ಮಿಂಚು ಜಾರಿ ನೆಲ ಮುಟ್ಟಿತು. ಸತ್ತ ಮೇಬಲ್‌ಳ ಒಳಗಿಂದ ಹತ್ತೊಂಬತ್ತರ ಹಾಡುಗಾರ್ತಿ ಹೊರಬಂದು, ಸೊಂಟಕ್ಕೆ ಕೈಯಿಟ್ಟು ಹಾಡತೊಡಗಿದಳು. ಎದ್ದು ನಿಂತ ಜನರ ಚಪ್ಪಾಳೆ ಹಾಡಿನ ಅರ್ಧವನ್ನು ಕೇಳಲೇ ಬಿಡಲಿಲ್ಲ.

ನಿರ್ಮಾಪಕ ಒಳಗೆ ಬಂದವನೇ, ಆ ಉಡುಪು ಯಾರ ಯೋಚನೆ ಎಂದು ಕೇಳಿದ. ಡೋರೀನ್ ಮಿಸ್ರಿಯಾಳನ್ನು ಮುಂದಕ್ಕೆ ದೂಡಿದಳು. ನಾಟಕ ಹದಿನಾಲ್ಕು ಊರುಗಳಿಗೆ ಹೋಗುವುದೆಂದೂ ಆ ದೃಶ್ಯ ಹೀಗೇ ಇರಬೇಕೆಂದೂ ಅವನು ಅಲ್ಲೇ ಹೇಳಿಬಿಟ್ಟ.

"ಬಟನ್ ಸಡಿಲಾದರೆ ಕೂಡಲೇ ಬದಲಿಸಲಿಕ್ಕೆ ಹೇಳಿ ಅಕ್ಕಾ," ಎಂದಳು ಮಿಸ್ರಿಯಾ.

ಎಲ್ಲರೂ ಹೋದ ಮೇಲೆ ಡೋರೀನ್ ಬೆನ್ನು ತಿರುಗಿಸಿ ನಿಂತಳು. ಹುಕ್ಕು ಹಾಕಿದವಳೇ ಬಿಚ್ಚಬೇಕಲ್ಲ. ಮಿಸ್ರಿಯಾ ಒಂದೊಂದನ್ನೇ ಬಿಚ್ಚುತ್ತಿದ್ದಂತೆ ಡೋರೀನ್ ಒಂದೊಂದು ಊರಿನ ಹೆಸರು ಹೇಳಿದಳು. ಹದಿನಾಲ್ಕಕ್ಕೆ ಅವಳ ಊರುಗಳು ಮುಗಿದವು. ಹುಕ್ಕು ಇನ್ನೂ ಎಂಟು ಉಳಿದಿದ್ದವು.

"ಉಳ್ಳಾಲ," ಎಂದಳು ಮಿಸ್ರಿಯಾ. "ದೇರಳಕಟ್ಟೆ. ತೊಕ್ಕೊಟ್ಟು. ಬಂಟ್ವಾಳ..."

ಡೋರೀನ್ ಪ್ರತಿಯೊಂದನ್ನೂ ಗಂಭೀರವಾಗಿ ಮರುಹೇಳುತ್ತಾ ಬಂದಳು, ಅಲ್ಲೆಲ್ಲ ಟಿಕೆಟು ಆಗಲೇ ಮಾರಿಹೋದ ಹಾಗೆ.