ಮಂದ್ರಕ್ಕನ ಉಸಿರು

ಮಂದ್ರಕ್ಕನ ತಾಯಿ ಫೋನಿನಲ್ಲಿ ಕೇಳಿದ್ದು ಒಂದೇ ಒಂದು. "ಮಕ್ಕಳು ಹಾಡಿ ಕಳಿಸಿದ್ದನ್ನ ನೀವು ತಿದ್ದುತೀರಂತೆ. ನನ್ನ ಮಗಳ ಕೊನೇ ಹಾಡು ತಿದ್ದೋಕೆ ಮುಂಚೆ ಹೇಗಿತ್ತೋ ಹಾಗೇ ಕೊಡಿ. ಅವಳು ಉಸಿರಾಡೋದು ಕೇಳ್ಬೇಕು."

ಹುಡುಕಿ ನಾಳೆ ಹೇಳುತ್ತೇನೆ ಅಂದೆ. ಸುಳ್ಳು. ಅದು ನನ್ನ ಬಳಿ ಇಲ್ಲವೆಂದು ಆಗಲೇ ಗೊತ್ತಿತ್ತು.

ನಾನು ಕಾಲೇಜಿನ ರೆಕಾರ್ಡಿಂಗ್ ಕೋಣೆಯವನು. ಕೋಣೆ ಅನ್ನುವುದು ಮರ್ಯಾದೆಯ ಮಾತು. ಮೆಟ್ಟಿಲ ಕೆಳಗಿನ ಉಗ್ರಾಣದ ಗೋಡೆಗೆ ಸ್ಪಂಜು ಬಡಿದಿದ್ದಾರೆ, ಅಷ್ಟೇ. ನಮ್ಮ ಗಾಯನ ತಂಡದಲ್ಲಿ ಹದಿನೆಂಟು ಮಕ್ಕಳು. ಸಮುದ್ರದಾಚೆಯ ಇನ್ನೊಂದು ಕಾಲೇಜಿನಲ್ಲಿ ಓದುವ ಕನ್ನಡದ ಮಕ್ಕಳು ಒಂಬತ್ತು. ಎರಡನ್ನೂ ಕೂಡಿಸಿಯೇ ತೀರುವುದಾಗಿ ನಮ್ಮ ಸಂಗೀತದ ಮೇಡಂ ಹಟ ಹಿಡಿದರು. ಇಂಟರ್ನೆಟ್ಟಿನಲ್ಲಿ ನೇರವಾಗಿ ಕೂಡಿ ಹಾಡಲು ಹೋದರೆ ಅಲ್ಲಿನ ದನಿ ಇಲ್ಲಿಗೆ ತಲುಪುವಷ್ಟರಲ್ಲಿ ಇಲ್ಲಿಯವರು ಮುಂದಿನ ಪದಕ್ಕೆ ಹೋಗಿರುತ್ತಿದ್ದರು. ಮೊದಲ ದಿನ ಬರೀ ಸಂತೆಯಾಯಿತು. ಕೊನೆಗೆ, ಪ್ರತಿಯೊಬ್ಬರೂ ಕಿವಿಯಲ್ಲಿ ತಾಳ ಕೇಳಿಕೊಂಡು ತಮ್ಮ ತಮ್ಮ ಕೋಣೆಯಲ್ಲಿ ಒಬ್ಬರೇ ಹಾಡಿ ನನಗೆ ಕಳಿಸುವುದು, ನಾನು ಇಪ್ಪತ್ತೇಳು ದನಿಗಳನ್ನು ಹೊಲಿದು ಒಂದು ಹಾಡು ಮಾಡುವುದು ಎಂದಾಯಿತು.

ಹೊಲಿಗೆಗಿಂತ ಕತ್ತರಿಯ ಕೆಲಸವೇ ಹೆಚ್ಚು. ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಎಲ್ಲಕ್ಕಿಂತ ಮಿಗಿಲಾಗಿ ಉಸಿರು. ಸಾಲಿನ ನಡುವೆ ಉಸಿರೆಳೆದುಕೊಂಡ ಸದ್ದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದೊಂದನ್ನೂ ಹುಡುಕಿ ಹುಡುಕಿ ಕತ್ತರಿಸುತ್ತಿದ್ದೆ. ಮಕ್ಕಳು ಕತ್ತರಿ ಮಾಮ ಎಂದು ಹೆಸರಿಟ್ಟರು. ಹಾಡು ಮುಗಿದ ಕೂಡಲೇ ಅವರು ಕಳಿಸಿದ್ದನ್ನೆಲ್ಲ ಅಳಿಸಿಬಿಡುತ್ತಿದ್ದೆ. ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ.

ಆಚೆಯ ಒಂಬತ್ತು ಜನರಲ್ಲಿ ತೀರಾ ಕೆಳಗಿನ ದನಿಯವಳು ಮಂದ್ರಕ್ಕ. ನಮ್ಮ ಮಕ್ಕಳಿಗಿಂತ ಎರಡು ವರ್ಷ ದೊಡ್ಡವಳು, ಅದಕ್ಕೇ ಅಕ್ಕ. ಎಲ್ಲರಿಗಿಂತ ಮೊದಲು ಅವಳ ಹಾಡೇ ಬರುತ್ತಿತ್ತು. ಹಾಡಿ ಮುಗಿಸಿ, ತಪ್ಪದೆ "ಮಾಮ, ಊಟ ಆಯ್ತಾ?" ಎಂದು ಕೇಳಿರುತ್ತಿದ್ದಳು. ಅದನ್ನೂ ಕತ್ತರಿಸುತ್ತಿದ್ದೆ.

ನಾಲ್ಕನೇ ಹಾಡಿನಿಂದ ಅವಳ ಉಸಿರಿನ ಸದ್ದು ಹೆಚ್ಚಾಯಿತು. ಗದರಿಸಿ ಬರೆದೆ: "ಒಂದು ಸಾಲಿಗೆ ನಾಲ್ಕು ಸಲ ಉಸಿರು ತಗೋತೀಯಲ್ಲ, ಹಾಡ್ತಿದ್ದೀಯೋ ಮೆಟ್ಟಿಲು ಹತ್ತುತಿದ್ದೀಯೋ?"

"ಸ್ವಲ್ಪ ನೆಗಡಿ, ಮಾಮ. ಹೇಗೂ ನಿಮ್ಮ ಕತ್ತರಿ ಇದೆಯಲ್ಲ," ಎಂದು ಉತ್ತರ ಬಂತು.

ಆರನೇ ಹಾಡಿನಲ್ಲಿ ಮೇಡಂ ಒಂದು ಉದ್ದದ ಸಾಲನ್ನು ಅವಳೊಬ್ಬಳಿಗೇ ಕೊಟ್ಟರು. ಅವಳು ಅದನ್ನು ಹನ್ನೊಂದು ತುಂಡು ಮಾಡಿ ಹಾಡಿ ಕಳಿಸಿದಳು. ಸೋಮಾರಿತನ ಅಂದುಕೊಂಡೆ. ಎರಡು ದಿನ ಕೂತು ಹನ್ನೊಂದನ್ನೂ ಒಂದೇ ಉಸಿರಿನ ಸಾಲಾಗಿ ಹೊಲಿದೆ. ಎಲ್ಲಿ ಕೇಳಿದರೂ ಗಂಟು ಸಿಗುತ್ತಿರಲಿಲ್ಲ. ಮೇಡಂ ಕಣ್ಣೊರೆಸಿಕೊಂಡರು. ನಾನು ಬೀಗಿದೆ.

ಅದಾದ ಇಪ್ಪತ್ತನೇ ದಿನ ಅವಳು ಅಲ್ಲಿನ ಹಾಸ್ಟೆಲಿನಲ್ಲೇ ತೀರಿಕೊಂಡಳು. ಶ್ವಾಸಕೋಶದಲ್ಲಿ ನೀರು ತುಂಬಿತ್ತಂತೆ.

ತಾಯಿ ಆ ಮೊದಲ ಫೋನಿನಲ್ಲಿ ಇನ್ನೊಂದು ಮಾತನ್ನೂ ಹೇಳಿದ್ದರು. "ಫೋನಲ್ಲಿ ಮಾತಾಡುವಾಗ ಏದುಸಿರು ಬಿಡ್ತಿದ್ದಳು. ಡಾಕ್ಟರ ಹತ್ರ ಹೋಗೇ ಅಂತ ಬೈದೆ. ಅದಕ್ಕೆ ಆ ಹಾಡು ಕಳಿಸಿದಳು. ನೋಡಮ್ಮ, ಇಷ್ಟುದ್ದದ ಸಾಲು ಒಂದೇ ಉಸಿರಲ್ಲಿ ಹಾಡಿದ್ದೀನಿ, ನಂಗೇನಾಗಿದೆ ಅಂದಳು. ಕೇಳಿ ನಾನೂ ಸುಮ್ಮನಾದೆ."

ಆ ಮಧ್ಯಾಹ್ನ ಕಂಪ್ಯೂಟರನ್ನೆಲ್ಲ ಜಾಲಾಡಿದೆ. 'ಕಸ' ಎಂಬ ಹೆಸರಿನ ಒಂದು ಕಡತ ಸಿಕ್ಕಿತು. ವರ್ಷದ ಕೊನೆಯಲ್ಲಿ ಎಲ್ಲರೆದುರು ಕೇಳಿಸಿ ಮಕ್ಕಳನ್ನು ನಾಚಿಸಬೇಕೆಂದು, ಆರನೇ ಹಾಡಿನಲ್ಲಿ ಕತ್ತರಿಸಿದ್ದನ್ನು ಯಾರದ್ದು ಎಷ್ಟು ಎಂದು ಬರೆದು ಎತ್ತಿಟ್ಟಿದ್ದೆ. ಮಂದ್ರಕ್ಕನವು ಮೂವತ್ತೆಂಟು ಉಸಿರುಗಳು. ಒಂದರ ಹಿಂದೆ ಒಂದು ಕೇಳಿದೆ. ಕೊನೆಕೊನೆಯವು ನೀರಿನಿಂದ ತಲೆ ಎತ್ತಿದವರ ಉಸಿರಿನಂತಿದ್ದವು. ಇದನ್ನು ನಾನು ಸೋಮಾರಿತನ ಅಂದಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಅವುಗಳನ್ನು ಮತ್ತೆ ಹಾಡಿನೊಳಗೆ ಕೂಡಿಸಲು ನೋಡಿದೆ. ಯಾವ ಉಸಿರು ಎಲ್ಲಿತ್ತೆಂದು ನನಗೇ ತಿಳಿಯಲಿಲ್ಲ. ಅಷ್ಟು ಚೆನ್ನಾಗಿ ಹೊಲಿದಿದ್ದೆ.

ಮಾರನೆಯ ದಿನ ತಾಯಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ: ಹನ್ನೊಂದು ತುಂಡು, ನನ್ನ ಕತ್ತರಿ, ಅಳಿಸಿ ಹಾಕಿದ್ದು. "ಅವಳು ಹಾಡಿದ್ದು ಹಾಗೇ ಉಳಿದಿಲ್ಲಮ್ಮ. ಉಸಿರಷ್ಟೇ ಬೇರೆಯಾಗಿ ಇದೆ."

"ಅದನ್ನೇ ಕಳಿಸಿ," ಅಂದರು. ಆಮೇಲೆ ಕೇಳಿದರು, "ನೀವು ಕತ್ತರಿಸದೇ ಇದ್ದಿದ್ರೆ, ಅವತ್ತು ಹಾಡು ಕೇಳಿದಾಗ್ಲೇ ನಂಗೆ ಗೊತ್ತಾಗ್ತಿತ್ತಾ?"

ಇಲ್ಲ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಗೊತ್ತಾಗ್ತಿತ್ತು," ಅಂದೆ.

ಅವರು ಬೈಯಲಿಲ್ಲ. ಫೋನನ್ನೂ ಇಡಲಿಲ್ಲ. ಅವರು ಉಸಿರಾಡುವುದು ನನಗೆ ಕೇಳಿಸುತ್ತಿತ್ತು. ಫೋನನ್ನು ಕಿವಿಯಿಂದ ತೆಗೆಯದೆ ಕೂತೆ.