ಮೂರು ಕಿಲೋ ಸುಳ್ಳು

ಬೇಯಿಸಿದ ಮೊಟ್ಟೆ ಗೋಡೆಗೆ ಬಡಿದು ನೆಲಕ್ಕೆ ಬಿತ್ತು. ಮಗಳ ಕೆನ್ನೆಯ ಮೇಲೆ ಐದೂ ಬೆರಳು ಮೂಡಿದವು.

"ಕಳ್ಳಿ! ಹೊಟ್ಟೆನೋ ಹಾಳು ಬಾವಿನೋ ಅದು? ಇನ್ನ ನಾಲ್ಕು ದಿನ ತಡ್ಕೊಳಕ್ಕಾಗಲ್ವಾ?"

ಹೊಡೆದವಳು ಹೆತ್ತ ತಾಯಿ. ಮಾಂಸದಂಗಡಿಯಲ್ಲಿ ಇಪ್ಪತ್ತು ವರ್ಷ ಮಚ್ಚು ಬೀಸಿದ ಕೈ ಅದು. ಹಗುರಾಗಿ ಹೊಡೆಯುವುದು ಅದಕ್ಕೆ ಗೊತ್ತೇ ಇರಲಿಲ್ಲ. ಮಾರುಕಟ್ಟೆಯವರೆಲ್ಲ ಅವಳನ್ನು 'ಕೈತಕ್ಕಡಿ' ಎಂದೇ ಕರೆಯುತ್ತಿದ್ದರು. ಏನನ್ನೇ ಎತ್ತಲಿ, ಅಲ್ಲೇ ತೂಕ ಹೇಳಿಬಿಡುತ್ತಿದ್ದಳು. ಆಮೇಲೆ ತೂಗಿ ನೋಡಿದರೆ ಐವತ್ತು ಗ್ರಾಂ ಆಚೀಚೆಯಾದರೆ ಹೆಚ್ಚು. ಇಂಥ ಕೈಯವಳು ತನ್ನ ಮಗಳನ್ನು ಮಾತ್ರ ಎತ್ತಿ ಹತ್ತು ವರ್ಷವಾಗಿತ್ತು. ಹದಿನೈದರ ಹುಡುಗಿಯನ್ನು ಯಾರು ಎತ್ತುತ್ತಾರೆ ಹೇಳಿ?

ಮಗಳು ಅಳಲಿಲ್ಲ. ನೆಲಕ್ಕೆ ಮೆತ್ತಿದ ಹಳದಿಯನ್ನೇ ನೋಡುತ್ತ ನಿಂತಳು. ಚಿಕ್ಕಂದಿನಲ್ಲಿ ಉಂಡುಂಡು ಉಂಡೆಯಾಗಿದ್ದಳೆಂದು ಬೀದಿಯವರು ಅವಳಿಗಿಟ್ಟ ಹೆಸರು ಗುಂಡಮ್ಮ. ಈಗ ಆ ಹೆಸರು ಕೂಗಿದರೆ ಬರುತ್ತಿದ್ದುದು ಎರಡು ಕಣ್ಣು, ಒಂದು ಮೂಗು, ಮಿಕ್ಕಿದ್ದೆಲ್ಲ ಮೂಳೆ.

ಗುಂಡಮ್ಮ ಬಾಕ್ಸಿಂಗ್ ಆಡುತ್ತಿದ್ದಳು. ಭಾನುವಾರದ ಪಂದ್ಯ ನಲವತ್ತೆಂಟು ಕಿಲೋದವರದು. ಎರಡು ತಿಂಗಳ ಹಿಂದೆ ಕೋಚ್ ತನ್ನ ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಮುಳ್ಳು ಐವತ್ತೊಂದಕ್ಕೆ ನಿಂತಿತ್ತು. "ಮೂರು ಕಿಲೋ ಇಳಿಸು, ಇಲ್ಲಾಂದ್ರೆ ಮನೇಲಿ ಕೂತ್ಕೋ" ಎಂದಿದ್ದ.

ಅಡುಗೆಮನೆಯ ಗೋಡೆಯಲ್ಲಿ ಶಾಲೆಯವರು ಕೊಟ್ಟ ಪಟವೊಂದಿತ್ತು. ಬೆಳೆಯುವ ಮಕ್ಕಳ ಊಟಕ್ಕೆ ಐದು ಗುಂಪು: ಧಾನ್ಯ ಒಂದು, ಬೇಳೆ-ಮೊಟ್ಟೆ-ಮಾಂಸ ಒಂದು, ಹಾಲು, ತರಕಾರಿ, ಹಣ್ಣು. ಕೋಚ್ ಹೇಳಿದ್ದು ತಾಯಿಗೆ ವೇದವಾಕ್ಯ. ಅವನು ಬೇಡವೆಂದದ್ದರ ಮೇಲೆಲ್ಲ ಕೆಂಪು ಪೆನ್ನಿನಿಂದ ತಾನೇ ಅಡ್ಡಗೆರೆ ಎಳೆದಳು. ಮೊದಲು ಧಾನ್ಯ ಹೋಯಿತು, ಆಮೇಲೆ ಹಾಲು, ಹಣ್ಣು, ಮೊನ್ನೆ ಮೊಟ್ಟೆಯೂ ಹೋಯಿತು. ಉಳಿದದ್ದು ಸೌತೆಕಾಯಿ. ಮಗಳ ಮುಟ್ಟು ನಿಂತದ್ದು, ಬಾಚಿದರೆ ಹಿಡಿಗಟ್ಟಲೆ ಕೂದಲು ಬರುತ್ತಿದ್ದುದು ಅವಳಿಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೆದ್ದ ಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದಳು, ಪುಣ್ಯಾತ್ಗಿತ್ತಿ.

ಅಂಗಡಿಯ ಎದುರಿಗೇ ಅಭ್ಯಾಸದ ಕೊಠಡಿ. ಕೆನ್ನೆಗೆ ಏಟು ಬಿದ್ದ ದಿನವೇ ಸಂಜೆ, ಮಗಳು ಮರೆತ ಟವೆಲು ಕೊಡಲು ತಾಯಿ ಒಳಹೊಕ್ಕಾಗ ಹೊಡೆತ ನಡೆದಿತ್ತು. ಎದುರಿಗಿದ್ದವಳು ಗುಂಡಮ್ಮನ ಜೊತೆ ಕಲಿಯುವ ದರ್ಜಿಯ ಮಗಳು. ಅವಳ ಎಡಗೈ ಮೂಗಿಗೆ, ಬಲಗೈ ಪಕ್ಕೆಗೆ ಬೀಳುತ್ತಿತ್ತು. ಗುಂಡಮ್ಮನ ಕೈ ಮೇಲೇಳುತ್ತಲೇ ಇರಲಿಲ್ಲ.

"ಸಾಕು ಸರ್, ಇವಳ ಕೈಲಿ ಆಗ್ತಿಲ್ಲ" ಎಂದಳು ದರ್ಜಿಯ ಮಗಳು.

"ನಿಲ್ಲಿಸಿದ್ರೆ ನಿನ್ನನ್ನೂ ಆಚೆ ಹಾಕ್ತೀನಿ. ಹೊಡಿ!" ಎಂದು ಕೋಚ್ ಅರಚಿದ.

ಅವಳು ಅಳುತ್ತಲೇ ಹೊಡೆದಳು. ಗುಂಡಮ್ಮ ಕಡಿದ ಬಾಳೆಗಿಡದ ಹಾಗೆ ಬಿದ್ದಳು. ಮೂಗಿನ ರಕ್ತ ಕಿವಿಯವರೆಗೆ ಹರಿಯಿತು. ಕೋಚ್ ಜುಟ್ಟು ಹಿಡಿದು ಎಬ್ಬಿಸಲು ನೋಡಿದ. ಹುಡುಗಿ ಏಳಲಿಲ್ಲ, ಕೂದಲಷ್ಟೇ ಕಿತ್ತು ಬಂತು.

ತಾಯಿ ಅವನ ಎದೆಗೆ ಗುದ್ದಿ ಅತ್ತ ತಳ್ಳಿ ಮಗಳನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಎತ್ತಿದವಳು ಅಲ್ಲೇ ನಿಂತುಬಿಟ್ಟಳು.

"ನಲವತ್ತೈದು" ಎಂದಳು.

"ಏನು?"

"ನನ್ನ ಮಗಳು ನಲವತ್ತೈದು ಕಿಲೋ ಇದಾಳೆ."

"ತಲೆ ಕೆಟ್ಟಿದ್ಯಾ ನಿಮಗೆ? ಈಗ ತಾನೇ ನೋಡಿದೀನಿ, ನಲವತ್ತೆಂಟರ ಮೇಲೆ ಒಂಚೂರು. ಯಂತ್ರ ಸುಳ್ಳು ಹೇಳುತ್ತಾ?"

ಮಗಳನ್ನು ಬೆಂಚಿನ ಮೇಲೆ ಮಲಗಿಸಿದಳು. ದರ್ಜಿಯ ಮಗಳು ನೀರು ಚಿಮುಕಿಸಿದ ಮೇಲೆ ಗುಂಡಮ್ಮ ಕಣ್ಣು ಬಿಟ್ಟಳು. ತಾಯಿ ರಸ್ತೆ ದಾಟಿ, ಅಂಗಡಿಯಿಂದ ಹತ್ತು ಕಿಲೋದ ತೂಕದ ಕಲ್ಲು ಎರಡನ್ನು ತಂದಳು. ಹೆಸರಿಗೆ ಕಲ್ಲು, ಇರುವುದು ಕಬ್ಬಿಣ. ಎರಡನ್ನೂ ಕೋಚಿನ ಯಂತ್ರದ ಮೇಲಿಟ್ಟಳು. ಮುಳ್ಳು ನಡುಗಿ, ಇಪ್ಪತ್ಮೂರಕ್ಕೆ ನಿಂತಿತು.

"ಅಯ್ಯೋ... ತಂದಾಗಿಂದ್ಲೂ ಹಿಂಗೇ ಇತ್ತೇನೋ..." ಎಂದ ಕೋಚ್.

ಎಂದರೆ ಎರಡು ತಿಂಗಳ ಹಿಂದೆ ಮಗಳು ಸರಿಯಾಗಿ ನಲವತ್ತೆಂಟೇ ಇದ್ದಳು. ಒಂದು ತುತ್ತೂ ಬಿಡಬೇಕಿರಲಿಲ್ಲ. ತಾಯಿ ಒಂದು ಕಬ್ಬಿಣವನ್ನು ತಲೆಯ ಮೇಲೆತ್ತಿದಳು. ಕೋಚ್ ಹಿಂದಕ್ಕೆ ಸರಿದು ಗೋಡೆಗೆ ತಾಗಿ ಕುಸಿದ. ಎಲ್ಲಿ ಹೊಡೆದರೆ ಎಲುಬು ಎರಡಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಅಮ್ಮಾ" ಎಂದಳು ಮಗಳು, ಬೆಂಚಿನಿಂದ.

ಕಬ್ಬಿಣ ಯಂತ್ರದ ಮೇಲೆ ಬಿತ್ತು. ಗಾಜು ಸಿಡಿದು ಅವಳ ಮುಂಗೈಗೆ ಹೊಕ್ಕಿತು. ಅವಳು ಮತ್ತೆ ಎತ್ತಿದಳು, ಮತ್ತೆ ಹಾಕಿದಳು, ತಗಡು ಅಪ್ಪಚ್ಚಿಯಾಗುವ ತನಕ ಬಿಡಲಿಲ್ಲ.

"ರಕ್ತ ಬತ್ತಿದೆ" ಎಂದರು ಆ ರಾತ್ರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ. "ಬೆಳೆಯೋ ವಯಸ್ಸು, ಎಲುಬು ಗಟ್ಟಿಯಾಗೋ ವಯಸ್ಸು. ಐದು ಗುಂಪೂ ದಿನಾ ತಟ್ಟೇಲಿರಬೇಕು. ನೀವು ಕೊಡದೇ ಇದ್ರೆ ಮೈ ತನ್ನನ್ನೇ ತಾನು ತಿನ್ನುತ್ತೆ. ಇಂಥ ಮಕ್ಕಳಿಗೆ ಪಥ್ಯ ಹೇಳಕ್ಕೆ ಆ ಕೋಚ್ ಯಾರು? ಕೇಳಕ್ಕೆ ನೀವ್ಯಾರು?"

ತಾಯಿ ಪಂದ್ಯದ ಆಸೆಯನ್ನು ಅಲ್ಲೇ ಬಿಟ್ಟಳು.

ಮರುದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಅಡುಗೆ ಮಾಡಿದಳು. ಅನ್ನ, ಬೇಳೆ, ಸೊಪ್ಪು, ಮೊಟ್ಟೆ, ಹೆಚ್ಚಿದ ಹಣ್ಣು, ಪಕ್ಕದಲ್ಲಿ ಒಂದು ಲೋಟ ಹಾಲು. ಮಗಳ ಎದುರು ಕೂತು, ಮೆತ್ತಗೆ ಕಲಸಿ ತುತ್ತು ಮಾಡಿದಳು. ಹತ್ತು ವರ್ಷದಿಂದ ಕೊಡದ ತುತ್ತು.

"ಆ ಅನ್ನು, ನನ್ನ ಬಂಗಾರ."

ಕೈ ಮುಖದ ಹತ್ತಿರ ಹೋದದ್ದೇ ತಡ, ಗುಂಡಮ್ಮನ ಗದ್ದ ತಗ್ಗಿತು, ಮೊಣಕೈ ಪಕ್ಕೆಗೆ ಅಂಟಿತು, ಎರಡು ಮುಷ್ಟಿ ಕೆನ್ನೆಗೆ ಅಡ್ಡ ಬಂದವು. ನಿನ್ನೆ ಅಷ್ಟು ಏಟು ಬಿದ್ದರೂ ಏಳದ ಕೈಗಳು ತಾಯಿಯ ತುತ್ತಿಗೆ ಎದ್ದಿದ್ದವು.

ತಾಯಿ ತುತ್ತನ್ನು ತಟ್ಟೆಗೆ ವಾಪಸಿಟ್ಟಳು. ಬ್ಯಾಂಡೇಜಿನ ಕೈ, ಅನ್ನ ಮೆತ್ತಿದ ಕೈ, ಎರಡನ್ನೂ ತೊಡೆಯ ಕೆಳಗೆ ತುರುಕಿ ಅದರ ಮೇಲೇ ಕೂತಳು.

"ನೀನೇ ತಿನ್ನವ್ವಾ. ನಾನು ಕೈ ತೆಗೆಯಲ್ಲ."

ಬಹಳ ಹೊತ್ತಾದ ಮೇಲೆ ಒಂದು ಮುಷ್ಟಿ ಬಿಚ್ಚಿ ಮೊಟ್ಟೆಯ ಕಡೆ ಹೋಯಿತು. ಇನ್ನೊಂದು ಕೆನ್ನೆಯ ಹತ್ತಿರವೇ ಇತ್ತು.