ಅತ್ತೆಯ ಎರಡನೇ ಪರೀಕ್ಷೆ

ಸ್ವಂತ ಅತ್ತೆಯನ್ನು ಪರೀಕ್ಷೆಯಲ್ಲಿ ಫೇಲ್ ಮಾಡಿದ ಸೊಸೆ ನಮ್ಮ ಬೀದಿಯಲ್ಲಿ ನಾನೊಬ್ಬಳೇ ಇರಬೇಕು. ಹಳೇ ಸೇಡು ತೀರಿಸಿಕೊಂಡಳು ಎಂದು ಪಕ್ಕದ ಮನೆಯವರು ಆಡಿಕೊಂಡರಂತೆ. ಆಡಿಕೊಳ್ಳಲಿ, ಆಡುವವರ ಬಾಯಿಗೆ ಬೀಗ ಹಾಕಲು ನನಗೆ ಪುರುಸೊತ್ತಿಲ್ಲ. ಮಕ್ಕಳನ್ನು ಬೆಟ್ಟ, ಕಾಡು, ಬಯಲು ಎಂದು ಕರೆದುಕೊಂಡು ಹೋಗುವ ದೊಡ್ಡವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಬರುವವರೆಲ್ಲ ಬಿಡುವಿನ ದಿನ ಬಿಟ್ಟಿ ದುಡಿಯಲು ಒಪ್ಪಿದ ಪುಣ್ಯಾತ್ಮರು. ಹಾಗೆಂದು ಎಲ್ಲರನ್ನೂ ಪಾಸ್ ಮಾಡಲು ಆಗುತ್ತದೆಯೇ?

ನಮ್ಮ ಬೀದಿಯ ಮಕ್ಕಳದೊಂದು ಚಾರಣದ ಗುಂಪಿದೆ. ಅದನ್ನು ನಡೆಸುತ್ತಿದ್ದ ಪೋಸ್ಟ್‌ಮ್ಯಾನ್‌ಗೆ ವರ್ಗವಾಯಿತು. ತಿಂಗಳೊಳಗೆ ತರಬೇತಿ ಪಡೆದ ಬೇರೊಬ್ಬರು ಸಿಗದಿದ್ದರೆ ಗುಂಪನ್ನು ಮುಚ್ಚುತ್ತೇವೆ ಎಂದು ಸಂಸ್ಥೆಯ ಮೇಲಿನವರು ಖಡಾಖಂಡಿತವಾಗಿ ಹೇಳಿದರು. ಭಾನುವಾರಗಳೆಲ್ಲ ತರಬೇತಿಗೇ ಹೋಗುವುದರಿಂದ ನನಗದು ಆಗದ ಮಾತು. ಹತ್ತು ವರ್ಷದ ನನ್ನ ಮಗಳು, ನಾವೆಲ್ಲ ಚಿನಕುರಳಿ ಎಂದು ಕರೆಯುವವಳು, ಊಟ ಬಿಟ್ಟು ಅತ್ತಳು. ಅವಳಿಗೆ ಆ ಗುಂಪು ಬಿಟ್ಟರೆ ಬೇರೆ ಲೋಕವೇ ಇಲ್ಲ.

"ಅಳು ನಿಲ್ಸು," ಎಂದರು ಅತ್ತೆ. "ನಾನಿಲ್ವಾ?"

ಮೂವತ್ತು ವರ್ಷ ಆಸ್ಪತ್ರೆಯ ವಾರ್ಡೊಂದನ್ನು ಆಳಿ ನಿವೃತ್ತರಾದ ನರ್ಸ್ ಅವರು. ಡಾಕ್ಟರುಗಳೇ ಅವರ ಮುಂದೆ ಮೆತ್ತಗೆ ಮಾತಾಡುತ್ತಿದ್ದರಂತೆ. ನನ್ನ ತರಬೇತಿಗೆ ಸೇರಿಕೊಂಡ ಮೇಲೂ ಪ್ರಥಮ ಚಿಕಿತ್ಸೆಯ ದಿನ ಪಾಠ ಮಾಡಿದ್ದು ಅವರೇ, ನಾನು ಬ್ಯಾಂಡೇಜ್ ಹಿಡಿದುಕೊಂಡು ನಿಂತಿದ್ದೆ. ಆದರೆ ನಮ್ಮಲ್ಲಿ ಒಂದು ನಿಯಮವಿದೆ. ನಕ್ಷೆ ಮಕ್ಕಳ ಕೈಯಲ್ಲಿ, ದೊಡ್ಡವರು ಹಿಂದೆ. ಅಪಾಯವಿದ್ದರೆ ತಡೆಯಬಹುದು, ಪ್ರಶ್ನೆ ಕೇಳಬಹುದು, ದಾರಿ ಮಾತ್ರ ಹೇಳುವಂತಿಲ್ಲ. ಮಗು ದಾರಿ ತಪ್ಪಿದರೆ ನೀವೂ ಅದರ ಜೊತೆ ತಪ್ಪಬೇಕು.

ಅತ್ತೆಯ ಮೊದಲ ಪರೀಕ್ಷೆ ಶಾಲೆಯ ಅಂಗಳದಲ್ಲಿ ನಡೆಯಿತು. ಕಲಿಯಲು ಬಂದ ದೊಡ್ಡವರೇ ಮಕ್ಕಳ ಪಾತ್ರ ಹಾಕಬೇಕು. ಬ್ಯಾಂಕಿನ ಗುಮಾಸ್ತರೊಬ್ಬರು ಈ ಅವಕಾಶಕ್ಕೇ ಕಾದಿದ್ದವರಂತೆ ನೆಲದ ಮೇಲೆ ಕೂತು ಹಟ ಮಾಡಿದರು. ನಕ್ಷೆ ಹಿಡಿದಿದ್ದ ಕ್ಷೌರದಂಗಡಿಯವರು ತಿರುವಿನಲ್ಲಿ ನಿಂತು ಅತ್ತೆಯ ಮುಖ ನೋಡಿದರು. ಅತ್ತೆ ತುಟಿ ಬಿಚ್ಚಲಿಲ್ಲ. ಗದ್ದವನ್ನು ಬಲಕ್ಕೆ ಇಷ್ಟೇ ಇಷ್ಟು ಎತ್ತಿದರು. ಕ್ಷೌರದವರು ಬಲಕ್ಕೆ ತಿರುಗಿದರು. ಮುಂದಿನ ತಿರುವಿನಲ್ಲಿ ಅವರು ನಕ್ಷೆ ನೋಡುವ ಗೋಜಿಗೇ ಹೋಗಲಿಲ್ಲ, ನೇರ ಗದ್ದವನ್ನೇ ನೋಡಿದರು.

"ಆಗ್ಲಿಲ್ಲ, ಅತ್ತೆ," ಎಂದೆ ಕೊನೆಗೆ.

"ನಾನೇನು ಬಾಯಿ ಬಿಟ್ನಾ?"

"ಬಾಯಿ ಬಿಡ್ಲಿಲ್ಲ. ಆದ್ರೆ ಅವ್ರು ಓದಿದ್ದು ನಿಮ್ಮ ಮುಖ, ಮ್ಯಾಪ್ ಅಲ್ಲ."

ಗುಮಾಸ್ತರು ಕಿಸಕ್ಕನೆ ನಕ್ಕರು. ಅತ್ತೆ ಒಮ್ಮೆ ತಿರುಗಿ ನೋಡಿದ್ದಕ್ಕೆ ನಗು ಅರ್ಧಕ್ಕೇ ನಿಂತಿತು. ಪಾಸ್ ಮಾಡಿದ್ದರೆ ಮನೆಯಲ್ಲಿ ಎಲ್ಲರಿಗೂ ನೆಮ್ಮದಿ, ನನಗೂ. ಆದರೆ ಹೀಗೆ ಗದ್ದ ನೋಡಿ ಬೆಳೆದವರೊಬ್ಬರು ನಮ್ಮ ಮನೆಯಲ್ಲೇ ಇದ್ದಾರೆ. ನಲವತ್ತೆರಡು ವರ್ಷದ ನನ್ನ ಗಂಡ ಅಂಗಿ ಕೊಳ್ಳಲು ಹೋದರೂ ಬಣ್ಣ ಯಾವುದೆಂದು ಅಮ್ಮನಿಗೆ ಫೋನ್ ಮಾಡುತ್ತಾರೆ. ನನ್ನ ಮಗಳಿಗೆ ಆ ಗತಿ ಬೇಡ ಎಂದು ಹಲ್ಲು ಕಚ್ಚಿ 'ಫೇಲ್' ಎಂದು ಬರೆದೆ.

ಮನೆಯಲ್ಲಿ ಆಮೇಲೆ ಪಾತ್ರೆಗಳೇ ಮಾತಾಡಿದವು. ಒಂದು ಸಂಜೆ ಅತ್ತೆ ತಾವಾಗಿಯೇ ನನ್ನ ಕೋಣೆಗೆ ಬಂದರು.

"ಇನ್ನೊಂದು ಸಲ ಬರೀಬಹುದಲ್ಲ?"

"ಒಂದೇ ಸಲ. ಅದೂ ಬೆಟ್ಟದಲ್ಲಿ, ನಿಜವಾದ ಮಕ್ಕಳ ಜೊತೆ. ನಿಮ್ಮ ಮಂಡಿ..."

"ಮಂಡಿ ವಿಚಾರ ಮಂಡಿ ನೋಡ್ಕೊಳ್ಳುತ್ತೆ. ಸೋತು ಕೂರೋ ಜಾತಿ ನಂದಲ್ಲ."

ಅಂದಿನಿಂದ ಮನೆಯಲ್ಲೇ ಅಭ್ಯಾಸ ಶುರುವಾಯಿತು. ಗಂಡ ತಲೆಯ ಮೇಲೇ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ಹುಡುಕಿದರು. ಅತ್ತೆ ಕೈಕಟ್ಟಿ ಕುರ್ಚಿಯಲ್ಲಿ ಕೂತು ನೋಡಿದರು. ಹೇಳದೆ ಇರುವುದು ಅವರಿಗೆ ಹೊಟ್ಟೆನೋವಿಗಿಂತ ಕಷ್ಟವಾಗಿತ್ತು, ಮುಖ ಕೆಂಪಾಗಿತ್ತು. ಚಿನಕುರಳಿ ಎಡದ ಶೂ ಬಲಗಾಲಿಗೆ ಹಾಕಿಕೊಂಡು ಗೇಟಿನ ತನಕ ಹೋಗಿ, ಗೊಣಗುತ್ತಾ ವಾಪಸ್ ಬಂದಳು. ಆಗಲೂ ಅತ್ತೆ ತುಟಿ ಪಿಟ್ಟೆನ್ನಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ನಾಲ್ಕು ಮಕ್ಕಳು ಮುಂದೆ, ಅತ್ತೆ ಅವರ ಹಿಂದೆ, ನಾನು ಎಲ್ಲರ ಹಿಂದೆ. ಇನ್ನೊಬ್ಬ ತರಬೇತುದಾರರು ಕಾಲು ಮುರಿದುಕೊಂಡು ಮಲಗಿದ್ದರಿಂದ ಪರೀಕ್ಷಕಿ ನಾನೇ ಆಗಬೇಕಾಯಿತು. ನಕ್ಷೆ ಚಿನಕುರಳಿಯ ಕೈಯಲ್ಲಿತ್ತು. ನೀರಿನ ಟ್ಯಾಂಕ್ ದಾಟಿದ ಮೇಲೆ ದಾರಿ ಎರಡಾಗುತ್ತದೆ. ಬಲದ್ದು ಬೆಟ್ಟದ ನೆತ್ತಿಗೆ ಏರುತ್ತದೆ. ಎಡದ್ದು ಇಳಿದು ಇಳಿದು ಹಳೆಯ ಕಲ್ಲುಕ್ವಾರಿಯ ಬೀಗ ಹಾಕಿದ ಗೇಟಿಗೆ ಹೋಗಿ ನಿಲ್ಲುತ್ತದೆ. ಅಪಾಯವೇನಿಲ್ಲ, ಬರೀ ದಂಡ.

ನನ್ನ ಮಗಳು ನಕ್ಷೆಯನ್ನು ತಲೆಕೆಳಗೆ ಹಿಡಿದಿದ್ದಳು. ತಿರುವಿನಲ್ಲಿ ನಿಂತು ಅಜ್ಜಿಯತ್ತ ನೋಡಿದಳು. ಅಜ್ಜಿ ಬಾಟಲಿ ತೆಗೆದು ನೀರು ಕುಡಿಯತೊಡಗಿದರು, ಗದ್ದ ಆಕಾಶಕ್ಕೆ.

"ಈ ಕಡೆ!" ಎಂದು ಚಿನಕುರಳಿ ಎಡಕ್ಕೆ ತಿರುಗಿದಳು.

ಮಂಡಿನೋವಿದ್ದವರಿಗೆ ಏರುವುದಕ್ಕಿಂತ ಇಳಿಯುವುದೇ ಶಿಕ್ಷೆ. ಅತ್ತೆ ಅಡ್ಡಡ್ಡ ಹೆಜ್ಜೆ ಹಾಕುತ್ತಾ, ಬಂಡೆ ಹಿಡಿದು, ನಿಂತು ನಿಂತು ಇಳಿದರು. ಹಣೆಯಲ್ಲಿ ಬೆವರು. ಒಂದು ಕಡೆ ಕಾಲು ಜಾರಿ, ಅವರ ಬಾಯಿಂದ ಸಣ್ಣಗೆ ನರಳಿಕೆ ಹೊರಟಿತು. ಮುಂದೆ ನನ್ನ ಮಗಳು ಸೇನಾಪತಿಯ ಗತ್ತಿನಲ್ಲಿ ತಪ್ಪು ದಾರಿಯಲ್ಲಿ ನಡೆಯುತ್ತಿದ್ದಳು. ಇಷ್ಟೂ ಹತ್ತಿ ವಾಪಸ್ ಬರಬೇಕು. ಪರೀಕ್ಷೆ ಹಾಳಾಗಲಿ ಅನ್ನಿಸಿತು ನನಗೆ.

"ಚಿನಕುರಳಿ, ಆ ಮ್ಯಾ..."

ಅತ್ತೆಯ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಇಂಜೆಕ್ಷನ್‌ಗೆ ಹೆದರಿ ಓಡುವವರನ್ನು ಹಿಡಿದು ಪಳಗಿದ ಕೈ ಅದು.

"ಪರೀಕ್ಷೆ ನಂದು," ಎಂದರು ಮೆಲ್ಲಗೆ. "ಬಾಯ್ಮುಚ್ಕೊಂಡು ಬಾ."

ಗೇಟಿನ ಎದುರು ಮಕ್ಕಳು ನಿಂತರು. ಬೀಗ ಅಲ್ಲಾಡಿಸಿ ನೋಡಿದರು. ಅತ್ತೆ ಬಂದು ಕಲ್ಲಿನ ಮೇಲೆ ಕೂತು ಉಸಿರು ಸುಧಾರಿಸಿಕೊಂಡರು.

"ನಾವೀಗ ಎಲ್ಲಿದ್ದೀವಿ? ಮ್ಯಾಪಲ್ಲಿ ತೋರ್ಸಿ ನೋಡೋಣ."

ಚಿನಕುರಳಿ ನಕ್ಷೆಯನ್ನು ನೆಲದ ಮೇಲೆ ಹಾಸಿ ಅದರ ಸುತ್ತ ತಾನೇ ತಿರುಗಿದಳು. ಇದ್ದಕ್ಕಿದ್ದಂತೆ ನಿಂತಳು. "ಟ್ಯಾಂಕ್ ನಮ್ಮ ಹಿಂದಿರ್ಬೇಕು... ಅಯ್ಯೋ, ಉಲ್ಟಾ ಹಿಡ್ದಿದ್ದೆ!" ಆಮೇಲೆ ಅಜ್ಜಿಯತ್ತ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಲ್ಲಿ ತಿರುಗೋವಾಗ್ಲೇ ಗೊತ್ತಿತ್ತಾ? ಮತ್ಯಾಕೆ ಹೇಳ್ಲಿಲ್ಲ?" ಅವಳ ಕಣ್ಣು ತುಂಬಿತು. "ನಿನ್ ಜೊತೆ ಟೂ."

ಮೊಮ್ಮಗಳು ಟೂ ಬಿಟ್ಟರೆ ಊಟ ಸೇರದ ಅಜ್ಜಿ ಇವರು. ಎದ್ದು ಹೋಗಿ ತಬ್ಬಿಕೊಳ್ಳುತ್ತಾರೆ ಎಂದುಕೊಂಡೆ. ತಬ್ಬಿಕೊಳ್ಳಲಿಲ್ಲ. ಅವರ ಕಣ್ಣೂ ಒದ್ದೆಯಾಗಿತ್ತು. "ಮುಂದೆ ಹೇಗೆ, ಲೀಡರಮ್ಮ?" ಎಂದಷ್ಟೇ ಕೇಳಿದರು.

ಚಿನಕುರಳಿ ಮೂಗೊರೆಸಿಕೊಂಡು, ನಕ್ಷೆ ಸರಿಯಾಗಿ ತಿರುಗಿಸಿ, ದಡದಡ ಹತ್ತತೊಡಗಿದಳು. ಮೂವರು ಮಕ್ಕಳು ಅವಳ ಹಿಂದೆ. ಕವಲಿನಲ್ಲಿ ನಿಲ್ಲಲೂ ಇಲ್ಲ, ನಮ್ಮತ್ತ ನೋಡಲೂ ಇಲ್ಲ. ನೆತ್ತಿ ಮುಟ್ಟುವಾಗ ಬಿಸಿಲೇರಿತ್ತು. ಅತ್ತೆ ಕೊನೆಯ ಏರನ್ನು ಹೆಚ್ಚುಕಮ್ಮಿ ಕೈಯಲ್ಲೇ ಹತ್ತಿದರು. ನಾನು ಅಲ್ಲೇ ನಿಂತು "ಪಾಸ್" ಎಂದೆ. ಮಕ್ಕಳು ಕಿರುಚಿ ಕುಣಿದರು. ಟೂ ಬಿಟ್ಟಿದ್ದವಳು ಅದನ್ನು ಮರೆತೇಬಿಟ್ಟು ಅಜ್ಜಿಯ ಕತ್ತಿಗೆ ಜೋತುಬಿದ್ದಳು. ಗುಂಪು ಉಳಿಯಿತು.

ನನಗೂ ಖುಷಿ ತಡೆಯಲಾಗಲಿಲ್ಲ. "ಮುಂದಿನ ಭಾನುವಾರ ತರಬೇತಿ ಇಲ್ಲ, ನಂಗೂ ರಜ. ನಾನೂ ನಿಮ್ ಜೊತೆ ಬರ್ಲಾ?" ಎಂದೆ.

ಚಿನಕುರಳಿ ಯೋಚಿಸಿದಳು. "ನೀನು ಬೇಡಮ್ಮ. ಅಜ್ಜಿ ಸಾಕು."

"ಯಾಕೇ?"

"ನೀನು ಹೇಳ್ಕೊಡೋಕೆ ಬಂದೆ. ಅಜ್ಜಿ ನಿನ್ ಕೈ ಹಿಡ್ಕೊಂಡಿದ್ದು ನಾನು ನೋಡ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ನಾನು ಕಂಡುಹಿಡೀತೀನಿ ಅಂತ ಅಜ್ಜಿಗೆ ಗೊತ್ತಿತ್ತು. ನಿಂಗೆ ಗೊತ್ತಿರ್ಲಿಲ್ಲ."

ಎಷ್ಟೋ ದೊಡ್ಡವರಿಗೆ ನಾನು ಕಲಿಸಿದ ಪಾಠ ಅದು. ಅವಳು ಆಗಲೇ ನಕ್ಷೆ ಮಡಿಚಿಕೊಂಡು, ಇಳಿಯುವ ದಾರಿ ನೋಡಲು ಹೊರಟಿದ್ದಳು.